ಮೂಗಿನೊಳಗಿನ ನಾಯ್ಡು

ಮೊನ್ನೆ ಕಡೂರಿನಿಂದ ಅಜ್ಜಂಪುರಕ್ಕೆ ಹೋಗುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತು ನಿದ್ದೆ ಮಾಡುತ್ತಿದ್ದ ಅಪರಿಚಿತರೊಬ್ಬರ ಮೂಗಿನ ಕೆಳಗೆ ನಾನು ಬೆರಳಿಟ್ಟೆ. ಬೇಕೆಂದು ಇಟ್ಟದ್ದಲ್ಲ. ಬೀರೂರು ದಾಟುವವರೆಗೆ ಅವರು ಚೆನ್ನಾಗಿಯೇ ಗೊರಕೆ ಹೊಡೆಯುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಸದ್ಯ ನಿಂತಿತಲ್ಲ ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು. ನನ್ನ ಕೈ ಮಾತ್ರ ನನ್ನ ಅಪ್ಪಣೆಗೂ ಕಾಯದೆ ಎದ್ದು ಹೋಗಿ ಅವರ ಮೀಸೆಯ ಮೇಲೆ ನಿಂತಿತು. ಅವರು ಕಣ್ಣು ಬಿಟ್ಟರು.

“ಏನ್ರೀ ಮಾಡ್ತಿದೀರಾ?”

“ಏನಿಲ್ಲ ಕಣ್ರೀ. ಉಸಿರಾಡ್ತಿದೀರಾ ಅಂತ ನೋಡ್ದೆ.”

“ಟಿಕೆಟ್ ತಗೊಂಡಿದೀನಿ, ಉಸಿರಾಡ್ದೆ ಇರ್ತೀನಾ?”

ಹಿರೇನಲ್ಲೂರಿನವರಂತೆ. ಸ್ವಲ್ಪ ಹೊತ್ತು ನನ್ನನ್ನೇ ದಿಟ್ಟಿಸಿ ನೋಡಿ, “ಏನ್ ಕೆಲ್ಸ ತಮ್ದು?” ಎಂದು ಕೇಳಿದರು. ನಾನು ಸತ್ಯ ಹೇಳಿಬಿಟ್ಟೆ. ಜೀವವಿಮೆ ಏಜೆಂಟ್ ಎಂದೆ. ಅವರು ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದರು. ಅಜ್ಜಂಪುರ ಬರುವವರೆಗೂ ಮತ್ತೆ ಕಣ್ಣು ಮುಚ್ಚಲಿಲ್ಲ.

ಈ ಅಭ್ಯಾಸ ನನಗೆ ಈಚೆಗೆ ಅಂಟಿಕೊಂಡದ್ದು. ಮನೆಯಲ್ಲಿ ಹೆಂಡತಿಗೆ ರೂಢಿಯಾಗಿದೆ. ನನ್ನ ಬೆರಳು ಹತ್ತಿರ ಬಂದರೆ ಸಾಕು, ನಿದ್ದೆಗಣ್ಣಿನಲ್ಲೇ “ಇದೀನಿ, ಇದೀನಿ” ಅನ್ನುತ್ತಾಳೆ, ಮಾಸ್ತರು ಹಾಜರಿ ಕೂಗಿದಾಗ ಹೇಳುವ ಹಾಗೆ. ಎದುರು ಮನೆಯ ಕರುವಿನ ಮೂಗಿಗೂ ಒಮ್ಮೆ ಬೆರಳು ಹಿಡಿದಿದ್ದೆ. ಅದು ನೆಕ್ಕಿತು. ನಾನೇನು ಹುಟ್ಟಾ ಹೆದರುಪುಕ್ಕಲನಲ್ಲ. ಬಿ.ಎಸ್ಸಿ. ಓದಿದವನು, ಕಾಲೇಜಿನಲ್ಲಿ ಕಪ್ಪೆ ಕೊಯ್ದವನು. ಆದರೆ ಕಪ್ಪೆಯ ಗಂಟಲು ನೋಡುವುದು ಬೇರೆ, ತಂಗಿಯ ಮಗಳ ಗಂಟಲು ನೋಡುವುದು ಬೇರೆ.

ತಂಗಿ ಸವಿತಳನ್ನು ಅಜ್ಜಂಪುರಕ್ಕೆ ಕೊಟ್ಟಿದ್ದೇವೆ. ತೆಂಗಿನ ತೋಟ, ಒಂದಿಷ್ಟು ಹೊಲ, ಒಳ್ಳೆಯ ಜನ. ಆ ಮನೆಗೆ ಊರಿನಲ್ಲಿ ‘ಗೊರಕೆ ಮನೆ’ ಎಂದೇ ಹೆಸರು. ಬಸ್ ನಿಲ್ದಾಣದಲ್ಲಿ ಇಳಿದು ತಂಗಿಯ ಗಂಡನ ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊರಕೆ ಮನೆ ಎಂದರೆ ಎಳೆಯ ಮಕ್ಕಳೂ ಕೈ ತೋರಿಸುತ್ತವೆ. ತಂಗಿಯ ಗಂಡನ ಅಜ್ಜ ಹನುಮಪ್ಪನವರು ಸಂಪಾದಿಸಿದ ಕೀರ್ತಿ ಅದು. ಅವರು ಒಮ್ಮೆ ಎತ್ತು ಕೊಳ್ಳಲು ಹೋಗಿ, ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ ಮರದ ನೆರಳಲ್ಲಿ ಮಲಗಿದ್ದರಂತೆ. ಅವರ ಗೊರಕೆಗೆ ಅಮೃತಮಹಲ್ ದನಗಳು ಬಾಲ ಎತ್ತಿಕೊಂಡು ಓಡಿದುವಂತೆ. ಹುಲಿ ಬಂತೆಂದು ಕಾವಲಿನವರು ಕೋಲು ಹಿಡಿದು ಬಂದು ನೋಡಿದರೆ ಹನುಮಪ್ಪನವರು! ಈ ಕಥೆಯನ್ನು ನನಗೆ ಹೇಳಿದವರು ಅವರ ಸೊಸೆ ಗಂಗಜ್ಜಿ, ಅಂದರೆ ಸವಿತಳ ಅತ್ತೆ. ಪ್ರತಿ ಸಲ ಹೇಳುವಾಗಲೂ ದನಗಳು ಇನ್ನಷ್ಟು ದೂರ ಓಡುತ್ತವೆ. ಹೋದ ಸಲ ದೇವನೂರು ಮುಟ್ಟಿದ್ದವು.

ಇಷ್ಟು ದೊಡ್ಡ ಆಸ್ತಿ ಮುಂದಿನ ತಲೆಮಾರಿಗೆ ಇಳಿಯಲಿಲ್ಲ ಎನ್ನುವುದು ಗಂಗಜ್ಜಿಯ ಕೊರಗಾಗಿತ್ತು. ಅವರ ಗಂಡ ಗೊರಕೆ ಹೊಡೆದರೂ ಅದರಲ್ಲಿ ಸತ್ವ ಇರಲಿಲ್ಲವಂತೆ. ಮಗ, ಅಂದರೆ ನನ್ನ ಭಾವ, ಬೆಕ್ಕಿನ ಮರಿಯ ಹಾಗೆ ಮಲಗುತ್ತಾನೆ. “ಏನ್ ಗಂಡಸಪ್ಪಾ ನೀನು, ಮಲಗಿದೀಯೋ ಇಲ್ವೋ ಅಂತ್ಲೇ ಗೊತ್ತಾಗಲ್ಲ” ಎಂದು ಅಜ್ಜಿ ಅವನನ್ನು ಹಂಗಿಸುತ್ತಿದ್ದರು. ಹೀಗಿರುವಾಗ ಮೊಮ್ಮಗಳು ಹುಟ್ಟಿದಳು. ಸವಿತ ಅವಳಿಗೆ ಇಂಚರ ಎಂದು ಹೆಸರಿಟ್ಟಳು. ಇಂಚರ ಎಂದರೆ ಹಕ್ಕಿಗಳ ಇನಿದನಿ ಎಂದು ನಾನೇ ಪುಸ್ತಕ ನೋಡಿ ಹೇಳಿದ್ದೆ. ಮೂರು ತುಂಬುವ ಹೊತ್ತಿಗೆ ಹಕ್ಕಿ ಗೊರಕೆ ಹೊಡೆಯಲು ಶುರುಮಾಡಿತು. ಅಂಥಿಂಥ ಗೊರಕೆಯಲ್ಲ. ಅಟ್ಟದ ಮೇಲಿನ ಪಾತ್ರೆಗಳು ಸಣ್ಣಗೆ ಉತ್ತರ ಕೊಡುತ್ತಿದ್ದವು. ಗಂಗಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿದರು.

“ಗಂಡುಮಕ್ಳಿಗೆ ಬರ್ದೇ ಇದ್ದಿದ್ದು ಈ ಚೋಟುದ್ದದವ್ಳಿಗೆ ಬಂತು ನೋಡು! ನಮ್ ಮಾವನೋರೇ ಬಂದವ್ರೆ ಕಣಪ್ಪಾ.”

ನಾನೂ ಸಕ್ಕರೆ ತಿಂದೆ. ಚೆನ್ನಾಗಿತ್ತು.

ಹನುಮಪ್ಪನವರು ಮೂಗಿನಿಂದ ಗೊರಕೆ ಹೊಡೆಯುತ್ತಿದ್ದರೋ ಬಾಯಿಂದಲೋ ಗೊತ್ತಿಲ್ಲ. ಇಂಚರಳಿಗೆ ಮೂಗು ಎನ್ನುವುದು ಇದ್ದದ್ದು ಶೃಂಗಾರಕ್ಕೆ ಮಾತ್ರ. ಹಗಲೂ ಇರುಳೂ ಬಾಯಿ ತೆರೆದೇ ಇರುತ್ತಿತ್ತು. ಆ ಮನೆಯ ಎಲ್ಲ ಫೋಟೋಗಳಲ್ಲೂ ಅವಳು ಬಾಯಿ ಬಿಟ್ಟುಕೊಂಡಿದ್ದಾಳೆ, ಈಗಷ್ಟೇ ಏನೋ ಆಶ್ಚರ್ಯದ ಸುದ್ದಿ ಕೇಳಿದವಳ ಹಾಗೆ. ಅದಕ್ಕೆ ಸರಿಯಾಗಿ ಅವಳು ತಾಯಿಯನ್ನು ಕರೆಯುತ್ತಿದ್ದದ್ದು ‘ಅಬ್ಬಾ’ ಎಂದು. ‘ಅಮ್ಮ’ ಎನ್ನಲು ಗಾಳಿ ಮೂಗಿನಿಂದ ಬರಬೇಕು, ಆ ದಾರಿ ಬಂದ್ ಆಗಿತ್ತು ಎಂಬುದು ನನಗೆ ಈಗ ಗೊತ್ತು. ಆಗ ಮುದ್ದು ಎಂದುಕೊಂಡಿದ್ದೆವು. ಅವಳ ಬಾಯಲ್ಲಿ ‘ಮನೆ’ ಎಂಬುದು ‘ಬದೆ’, ‘ನಾನು’ ಎಂಬುದು ‘ದಾದು’. ಮಂಜು ಮಾವನಾದ ನಾನು ‘ಬಜ್ಜು ಬಾವ’.

ಬಜ್ಜು ಹೋಗಲಿ. ಸೋದರಮಾವನನ್ನು ಭಾವ ಎಂದು ಕರೆದರೆ ನಮ್ಮ ಕಡೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಅಜ್ಜಂಪುರದ ಸಂತೆಯಲ್ಲಿ ಅವಳು ದೂರದಿಂದ “ಬಾವಾ!” ಎಂದು ಕೂಗಿಕೊಂಡು ಓಡಿ ಬಂದರೆ ಸೊಪ್ಪು ಮಾರುವ ಹೆಂಗಸರೆಲ್ಲ ತಕ್ಕಡಿ ಕೆಳಗಿಟ್ಟು ನಗುತ್ತಿದ್ದರು. ನನ್ನ ನಿಜವಾದ ಭಾವ, ಅಂದರೆ ಅವಳಪ್ಪ, ನನ್ನನ್ನು ಕಂಡಾಗಲೆಲ್ಲ “ಬನ್ನಿ ಅಳಿಯಂದಿರೇ” ಎಂದು ಎದ್ದು ನಿಂತು ಕೈ ಮುಗಿಯುತ್ತಿದ್ದ.

ಇನ್ನು ಅವಳ ಹೆಸರು. “ನಿನ್ನ ಹೆಸರೇನಮ್ಮಾ?” ಎಂದು ಯಾರು ಕೇಳಿದರೂ “ಇಚ್ಚರ” ಅನ್ನುತ್ತಿದ್ದಳು. ಕೇಳಿದವರಿಗೆ ‘ಎಚ್ಚರ’ ಎಂದೇ ಕೇಳಿಸುತ್ತಿತ್ತು. ಶಾಲೆಯಲ್ಲಿ ಟೀಚರಮ್ಮ ಮೊದಲ ದಿನ ಎಚ್ಚರ ಎಂದೇ ಬರೆದುಕೊಂಡರಂತೆ, ಆಮೇಲೆ ಸವಿತಳನ್ನು ಕರೆದು ಹೇಳಿದರಂತೆ: “ಹೆಸರು ಎಚ್ಚರ ಅಂತೀರ, ಕ್ಲಾಸಲ್ಲಿ ಬರೀ ತೂಕಡಿಕೆ ಕಣ್ರೀ.” ಮನೆಗೆ ಬಂದು ಸವಿತ ಅದನ್ನು ಹೇಳಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಗು ದಿನಾ ಕೇಳಿದವರಿಗೆಲ್ಲ ಎಚ್ಚರ, ಎಚ್ಚರ ಎಂದು ಹೇಳುತ್ತಲೇ ಇತ್ತು ನೋಡಿ. ನಾವು ಅದನ್ನು ಹೆಸರು ಎಂದುಕೊಂಡೆವು.

ಔಷಧ ಮಾಡಲಿಲ್ಲವೆಂದಲ್ಲ. ಅವಳಿಗೆ ಊಟ ನುಂಗಲು ಕಷ್ಟವಾದಾಗಲೆಲ್ಲ ಗಂಗಜ್ಜಿ “ಕಿರುನಾಲಿಗೆ ಬಿದ್ದೈತೆ” ಎಂದು ತೀರ್ಪು ಕೊಟ್ಟು, ನೆತ್ತಿಯ ನಡುವಿನ ಒಂದು ಜುಟ್ಟು ಕೂದಲನ್ನು ಬೆರಳಿಗೆ ಸುತ್ತಿ ಟಪ್ಪನೆ ಮೇಲಕ್ಕೆ ಎಳೆಯುತ್ತಿದ್ದರು. ಬಾವಿಗೆ ಬಿದ್ದ ಬಿಂದಿಗೆಯನ್ನು ಹಗ್ಗದಿಂದ ಎತ್ತುವ ಲೆಕ್ಕಾಚಾರ. ನಕ್ಕರೆ ನನ್ನ ಮರ್ಯಾದೆಯೇ ಹೋಗುತ್ತದೆ, ಏಕೆಂದರೆ ನಾನೂ ಈ ವೈದ್ಯಕ್ಕೆ ತಲೆ ಕೊಟ್ಟವನೇ. ಚಿಕ್ಕಂದಿನಲ್ಲಿ ನನಗೆ ಗಂಟಲು ಬಾತು ಜ್ವರ ಬಂದರೆ ಅಮ್ಮ ಉಪ್ಪುನೀರು ಮುಕ್ಕಳಿಸಲು ಕೊಟ್ಟು, ಮೆಣಸಿನ ಕಷಾಯ ಕುಡಿಸಿ, ಅದಕ್ಕೂ ಬಗ್ಗದಿದ್ದರೆ ಕಡೂರಿನ ನಮ್ಮ ಬೀದಿಯ ಕೊನೆಮನೆಯ ಪುಟ್ಟಮ್ಮನ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಪುಟ್ಟಮ್ಮನ ಕೈ ಕಬ್ಬಿಣ. ಎಳೆದಾಗ ಟಕ್ ಎಂದು ಶಬ್ದ ಬಂದರೆ ನಾಲಿಗೆ ಎದ್ದಿತು ಎಂದರ್ಥ. ಬರದಿದ್ದರೆ ಮತ್ತೆ ಎಳೆತ. ಟಕ್ ಎಂದು ನಾನೇ ಬಾಯಲ್ಲಿ ಶಬ್ದ ಮಾಡಿ ಪಾರಾಗುವುದನ್ನು ಬೇಗ ಕಲಿತೆ. ಈಗ ನನ್ನ ನೆತ್ತಿಯ ಮೇಲೆ ಕಾಣುವ ಬಯಲನ್ನು ನೋಡಿ ಕೆಲವರು ವಯಸ್ಸಾಯ್ತು ಎನ್ನುತ್ತಾರೆ. ಅಲ್ಲ, ಅದು ಪುಟ್ಟಮ್ಮನ ಕೃಷಿ.

ಹೋಗಲಿ, ಆ ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ. ಬರಬಾರದೆಂದು ಇಷ್ಟು ಹೊತ್ತು ಸುತ್ತಿದೆ.

ಭಾನುವಾರ. ಸವಿತ ಅವರೆಕಾಳು ಸಾರು, ಮುದ್ದೆ ಮಾಡಿದ್ದಳು. ಊಟ ಮುಗಿಸಿ ನಾನು ನಡುಮನೆಯ ಚಾಪೆಯ ಮೇಲೆ ಬಿದ್ದುಕೊಂಡೆ. ಪಕ್ಕದಲ್ಲಿ ಇಂಚರ ಮಲಗಿ ಆಗಲೇ ಕಾರ್ಯಕ್ರಮ ಶುರುಮಾಡಿದ್ದಳು. ಗಂಗಜ್ಜಿ ಕಂಬಕ್ಕೆ ಒರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗೊರಕೆಗೆ ನನಗೆ ನಿದ್ದೆ ಹತ್ತಲಿಲ್ಲ. ಶಪಿಸಿಕೊಂಡು ಹೊರಳಾಡುತ್ತಿದ್ದೆ. ಅಷ್ಟರಲ್ಲಿ ಅದು ನಿಂತಿತು. ಸದ್ಯ ಎಂದುಕೊಂಡು ಕಣ್ಣು ಮುಚ್ಚಿದೆ. ಸುಖವಾಗಿತ್ತು. ಗಿಳಿಯೊಂದು ತೋಟದಲ್ಲಿ ಕೂಗುವುದೂ ಕೇಳಿಸಿತು. ಆಮೇಲೆ ಯಾಕೋ ಆ ಮೌನ ತೀರಾ ಉದ್ದವಾಯಿತು ಅನ್ನಿಸಿ ತಿರುಗಿ ನೋಡಿದೆ.

ಮಗುವಿನ ಕುತ್ತಿಗೆ ಹಿಂದಕ್ಕೆ ಬಾಗಿತ್ತು. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು, ಎದೆಯ ಗೂಡು ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಆದರೆ ಗಾಳಿ ಹೋಗುತ್ತಿರಲಿಲ್ಲ. ಒಳಗಿನಿಂದ ಯಾರೋ ಬಾಗಿಲು ತಳ್ಳುತ್ತಿದ್ದಾರೆ, ಹೊರಗೆ ಅಗುಳಿ ಬಿದ್ದಿದೆ. ತುಟಿಯ ಬಣ್ಣ ನೇರಳೆಗೆ ತಿರುಗುತ್ತಿತ್ತು. ನಾನು ಎದ್ದು ಕೂತೆ. ಆಗ ಇಡೀ ಮೈ ಒಮ್ಮೆ ಕುಲುಕಿ, ಗಾಳಿ ಹಿಡಿದ ಬೋರ್‌ವೆಲ್ ಪೈಪಿನಿಂದ ನೀರು ನುಗ್ಗುವ ಹಾಗೆ ಭುಸ್ಸೆಂದು ಉಸಿರು ಒಳಗೆ ಹೋಯಿತು. ಮತ್ತೆ ಗೊರಕೆ.

“ಅಜ್ಜೀ! ಇವಳು ಉಸಿರು ಬಿಟ್ಟಿಲ್ಲ!”

“ಈಗ ಬಿಟ್ಳಲ್ಲಪ್ಪಾ. ಯಾಕ್ ಹಂಗ್ ಕಿರಿಚ್ತೀಯ?” ಗಂಗಜ್ಜಿ ತಲೆ ಎತ್ತಲೂ ಇಲ್ಲ. “ಅದು ಹಂಗೇ. ನಮ್ ಮಾವನೋರ್ದೂ ಹಂಗೇ ಇತ್ತು. ನಡುನಡುವೆ ನಿಂತ್ಕೊಳೋದು. ಬೀರೂರು ಸ್ಟೇಷನ್ನಲ್ಲಿ ಹಳೇ ಎಂಜಿನ್ನು ನೀರು ತಗೊಳೋಕೆ ನಿಲ್ತಿರ್ಲಿಲ್ವಾ, ಹಂಗೆ. ತಗೊಂಡು ಮತ್ತೆ ಹೊರಡೋದು.”

ನನಗೆ ಸ್ವಲ್ಪ ಧೈರ್ಯ ಬಂತು. ಹನುಮಪ್ಪನವರೇ ಹಾಗಿದ್ದರು ಎಂದಮೇಲೆ ಭಯವೇಕೆ? ಸುಮ್ಮನೆ, ಮಾತಿಗೆ ಮಾತು ಎಂದು ಕೇಳಿದೆ.

“ಕೊನೆಗೆ ಅವರಿಗೆ ಏನಾಗಿತ್ತಜ್ಜಿ?”

“ಏನಾಗ್ತದೆ? ಪುಣ್ಯವಂತ್ರು. ಒಂದ್ ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಉಂಡು ಮಲಗಿದ್ರು, ಗೊರಕೆ ಹೊಡೀತಾನೇ ಇದ್ರು. ನಡುವೆ ಎಂಜಿನ್ನು ನಿಂತ್ಕೊಳ್ತು. ನೀರು ತಗೊಳ್ತಾವ್ರೆ ಅಂತ ನಾವೆಲ್ಲ ಸುಮ್ನಿದ್ವಿ.”

“ಆಮೇಲೆ?”

“ಆಮೇಲೇನು, ಹೊರಡ್ಲೇ ಇಲ್ಲ.”

ಹೇಳಿದ ಮೇಲೆ ಅವರ ಕೈ ಹುಣಸೆಹಣ್ಣಿನ ಮೇಲೆಯೇ ನಿಂತಿತು. ಅಷ್ಟು ವರ್ಷ ಹೇಳಿಕೊಂಡು ಬಂದ ಕಥೆಯನ್ನು ಅವರು ಮೊದಲ ಸಲ ಕೇಳಿಸಿಕೊಂಡರು ಎಂದು ಕಾಣುತ್ತದೆ. ಅದೇ ಹೊತ್ತಿಗೆ ಚಾಪೆಯ ಮೇಲೆ ಗೊರಕೆ ಮತ್ತೆ ನಿಂತಿತು. ಅಜ್ಜಿ ಕೂತಲ್ಲಿಂದಲೇ ತೆವಳಿಕೊಂಡು ಬಂದು, ಹುಣಸೆಹಣ್ಣು ಮೆತ್ತಿದ ಬೆರಳನ್ನು ಮೊಮ್ಮಗಳ ಮೂಗಿನ ಕೆಳಗೆ, ಬಿಟ್ಟ ಬಾಯಿಯ ಅಂಚಿಗೆ ಹಿಡಿದರು. ಹಿಡಿದೇ ಇದ್ದರು. ನಾನೂ ನನ್ನ ಬೆರಳು ತಂದಿಟ್ಟೆ. ಎರಡು ಬೆರಳಿಗೂ ಏನೂ ತಾಗಲಿಲ್ಲ.

“ಲೇ ಇಂಚರಾ!” ಎಂದು ಅಜ್ಜಿ ಕೂಗಿದ ಕೂಗಿಗೆ ಅವತ್ತು ಎಮ್ಮೆದೊಡ್ಡಿಯ ದನಗಳು ನಿಜವಾಗಿಯೂ ಓಡಿರಬೇಕು. ಮಗು ಭುಸ್ಸೆಂದು ಉಸಿರೆಳೆದು ಎದ್ದು ಕೂತಳು. ನಮ್ಮಿಬ್ಬರನ್ನೂ ನೋಡಿ, “ಬಾವಾ, ಯಾಕೆ ಎಬ್ಬಿಸ್ದೆ?” ಎಂದು ಕೇಳಿ, ಮೀಸೆಯ ಜಾಗದಲ್ಲಿ ಅಂಟಿದ ಹುಣಸೆಹಣ್ಣು ನೆಕ್ಕಿಕೊಂಡು ಮತ್ತೆ ಬಿದ್ದುಕೊಂಡಳು.

ಕೂಗಿಗೆ ಸವಿತ, ಭಾವ ಇಬ್ಬರೂ ಓಡಿ ಬಂದರು. ನಾನು ಮೊಬೈಲು ತೆಗೆದು ಹುಡುಕಿ ಓದಿ ಹೇಳಿದೆ. “ಟಾನ್ಸಿಲ್ ದೊಡ್ಡದಾಗಿರಬೇಕು. ಅದಕ್ಕಿಂತ ಹೆಚ್ಚಾಗಿ, ಮೂಗಿನ ಹಿಂದೆ ಅಡೆನಾಯ್ಡು ಇರುತ್ತೆ. ಅದು ಬೆಳೆದು ದಾರಿ ಮುಚ್ಚಿದೆ.”

“ಯಾರು?” ಎಂದರು ಗಂಗಜ್ಜಿ.

“ಅಡೆನಾಯ್ಡು.”

“ಯಾವ ನಾಯ್ಡು?”

“ಮನುಷ್ಯ ಅಲ್ಲಜ್ಜಿ...”

“ಮನುಷ್ಯ ಆಗಿದ್ರೆ ಹಿಂಗ್ ಮಾಡ್ತಿದ್ನಾ? ಕೂಸಿನ ಮೂಗಲ್ಲಿ ಬಂದು ಅಡ್ಡ ಕೂತವ್ನಲ್ಲ! ಅಡ್ಡನಾಯ್ಡು ಅಂತ ಹೆಸ್ರು ಸರ್ಯಾಗೇ ಇಟ್ಟವ್ರೆ.” ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ನಡೀರಿ ಯಾವ್ ಡಾಕ್ಟ್ರು ಅಂತ. ಬಿಡ್ಸೋದೇ ಅವ್ನನ್ನ.”

ತರೀಕೆರೆಗೆ ವಾರಕ್ಕೊಮ್ಮೆ ಬರುವ ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ತಿಳಿಯಿತು. ಆ ದಿನ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಇಂಚರ ಒಬ್ಬಳನ್ನು ಬಿಟ್ಟು. ಡಾಕ್ಟರಮ್ಮ ಮೊದಲು ಮಗುವಿನ ಹೆಸರು ಕೇಳಿದರು.

“ಇಚ್ಚರ.”

“ಎಚ್ಚರ! ಒಳ್ಳೇ ಹೆಸರು,” ಎಂದವರು, ನಮ್ಮ ಮುಖ ನೋಡಿ ಪೆನ್ನು ಕೆಳಗಿಟ್ಟರು. “ಗೊರಕೆ ಇದೆಯಾ?”

“ನಾಲ್ಕು ತಲೆಮಾರಿಂದ ಐತೆ ಡಾಕ್ಟ್ರೇ,” ಎಂದರು ಗಂಗಜ್ಜಿ. ಈ ಸಲ ಆ ದನಿಯಲ್ಲಿ ಹೆಮ್ಮೆ ಇರಲಿಲ್ಲ.

ಬಾಯಿಗೆ ಟಾರ್ಚು ಬಿಟ್ಟು, ಕಿವಿ ನೋಡಿ, ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ಡಾಕ್ಟರಮ್ಮ ನಮಗೂ ತೋರಿಸಿದರು. ಬಿಳಿ ಮೋಡದ ಹಾಗೆ ಏನೋ ಒಂದು, ಅದರ ಪಕ್ಕದಲ್ಲಿ ಕಪ್ಪು ದಾರದಷ್ಟು ಸಣ್ಣ ಗಾಳಿಯ ದಾರಿ. “ಈ ಮಾಂಸದ ಗಂಟು ಎಲ್ಲ ಮಕ್ಕಳಲ್ಲೂ ಇರುತ್ತಮ್ಮ. ಒಳಗೆ ಬರೋ ರೋಗ ತಡೆಯೋಕೆ ಇರೋ ಕಾವಲುಗಾರ. ದೊಡ್ಡವರಾಗ್ತಾ ತಾನಾಗೇ ಕುಗ್ಗುತ್ತೆ. ಎಲ್ರಿಗೂ ತೆಗೀಬೇಕಾಗಲ್ಲ. ಆದ್ರೆ ಇವಳಿಗೆ ಬಾಗಿಲಿಗೇ ಅಡ್ಡ ಕೂತಿದೆ. ನಿದ್ದೇಲಿ ಉಸಿರು ನಿಲ್ತಿದೆ ಅಂದ್ಮೇಲೆ ಕಾಯಬಾರದು. ರಾತ್ರಿಯೆಲ್ಲ ಉಸಿರಿಗೆ ಗುದ್ದಾಡಿದ ಮಗು ಕ್ಲಾಸಲ್ಲಿ ತೂಕಡಿಸ್ದೆ ಇನ್ನೇನು ಮಾಡುತ್ತೆ?”

“ನೋಡ್ದೇನಪ್ಪಾ ಮಂಜಾ,” ಗಂಗಜ್ಜಿ ನನ್ನ ಕಡೆ ತಿರುಗಿದರು. “ಕಾವಲಿಗೆ ಅಂತ ಬಂದೋನು ಜಾಗಾನೇ ಖಾತೆ ಮಾಡಿಸ್ಕೊಂಡವ್ನೆ.”

“ಯಾರಜ್ಜಿ?” ಎಂದರು ಡಾಕ್ಟರಮ್ಮ.

“ನಾಯ್ಡು.”

ನಾನು ವಿವರಿಸಬೇಕಾಯಿತು. ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಾಯ್ಡು ಒಬ್ಬರೇ ಅಲ್ಲಜ್ಜಿ, ಕೆಳಗೆ ಆ ಕಡೆ ಈ ಕಡೆ ಇಬ್ಬರು ಟಾನ್ಸಿಲ್ ಬೇರೆ ಇದ್ದಾರೆ. ಒಬ್ರಿಗೊಬ್ರು ತಗುಲೋ ಹಾಗೆ ಬೆಳೆದಿದ್ದಾರೆ.”

“ಮೂರು ಜನಾನಾ! ಇಷ್ಟೇ ಇಷ್ಟು ಮನೇಲಿ!” ಅಜ್ಜಿ ಮೊಮ್ಮಗಳ ಗಂಟಲನ್ನು ಮುಟ್ಟಿ ನೋಡಿದರು. “ಬಿಡ್ಸಿ ಡಾಕ್ಟ್ರೇ. ಅಮಲ್ದಾರ್ರ ಆರ್ಡರ್ ಏನಾದ್ರೂ ಬೇಕಾ?”

ಹೊರಗೆ ಬರುವಾಗ ಅಜ್ಜಿ ಹಿಂದೆ ಉಳಿದರು. ನಾನು ಬಾಗಿಲ ಪರದೆಯ ಈಚೆಗೆ ನಿಂತಿದ್ದರಿಂದ ಕೇಳಿಸಿತು.

“ಗೊರಕೆ ಪೂರ್ತಿ ಹೊಂಟೋಯ್ತದಾ ಡಾಕ್ಟ್ರೇ? ಒಂಚೂರು ಉಳಿಸ್ಬೋದಾ, ಗುರ್ತಿಗೆ?”

ಡಾಕ್ಟರಮ್ಮ ಏನು ಹೇಳಿದರೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯ ದನಿ ಮತ್ತೆ ಬಂತು. “ಆಗ್ಲಿ ಬಿಡಿ. ಗೊರಕೆ ಹೋದ್ರೆ ಹೋಗ್ಲಿ, ಕೂಸು ಇರ್ಲಿ.”

ಆಪರೇಷನ್ ಶಿವಮೊಗ್ಗದಲ್ಲಿ ಆಯಿತು. ಒಳಗೆ ಕರೆದುಕೊಂಡು ಹೋಗುವಾಗ ಇಂಚರ ಹಸಿರು ಗೌನು ಹಾಕಿಕೊಂಡು, ಬಾಯಿ ಬಿಟ್ಟುಕೊಂಡು, “ಟಾಟಾ ಬಾವಾ” ಎಂದಳು. ಬಾಗಿಲು ಮುಚ್ಚಿತು. ಮಕ್ಕಳಿಗೆ ಪ್ರಜ್ಞೆ ತಪ್ಪಿಸುತ್ತಾರೆ, ಒಳಗೆ ಮಲಗಿರುತ್ತಾಳೆ, ಮಲಗಿದರೆ ಇವಳ ಉಸಿರು ನಿಲ್ಲುತ್ತದೆಯಲ್ಲ ಎಂಬ ಯೋಚನೆ ನನಗೆ ಆಗಲೇ ಬರಬೇಕೆ? ಎದ್ದು ಹೋಗಿ ಬಾಗಿಲಲ್ಲಿ ನಿಂತ ನರ್ಸಮ್ಮನಿಗೆ, “ಸ್ವಲ್ಪ ಮೂಗಿನ ಕೆಳಗೆ ಬೆರಳಿಟ್ಟು ನೋಡ್ತಾ ಇರಿ ಸಿಸ್ಟರ್” ಎಂದೆ. ಒಳಗೆ ಅದಕ್ಕೇ ಮೆಷಿನ್ನು ಇದೆ, ಡಾಕ್ಟರೂ ಇದ್ದಾರೆ ಎಂದರು. ಮೆಷಿನ್ನಿಗೆ ಕರೆಂಟು ಹೋದರೆ ಎಂದೆ. ಜನರೇಟರ್ ಇದೆ ಎಂದರು. ಜನರೇಟರಿಗೆ ಡೀಸೆಲ್ ಎನ್ನುವಷ್ಟರಲ್ಲಿ ಭಾವ ನನ್ನ ರಟ್ಟೆ ಹಿಡಿದು ಕ್ಯಾಂಟೀನಿಗೆ ಎಳೆದುಕೊಂಡು ಹೋದ. ಅಲ್ಲಿ ಅವನೇ ಕಾಫಿಗೆ ಉಪ್ಪು ಹಾಕಿಕೊಂಡು ಪೂರ್ತಿ ಕುಡಿದ. ರುಚಿ ಗೊತ್ತಾಗಲಿಲ್ಲವಂತೆ.

ಎಲ್ಲ ಸರಿಹೋಯಿತು. ಅದನ್ನು ಮೊದಲೇ ಹೇಳಬಹುದಿತ್ತು, ಆದರೆ ನಾನು ಪಟ್ಟ ಪಾಡನ್ನು ನೀವೂ ಸ್ವಲ್ಪ ಪಡಿರಿ ಎಂದು ತಡೆದೆ. ಆಮೇಲಿನ ದಿನಗಳಲ್ಲಿ ಲೋಕವೇ ತಲೆಕೆಳಗಾಯಿತು. ಐಸ್ ಕ್ಯಾಂಡಿ ತಿಂದರೆ ಟಾನ್ಸಿಲ್ ಬರುತ್ತದೆ ಎಂದು ನನ್ನ ಬಾಲ್ಯವನ್ನೆಲ್ಲ ಬೆಲ್ಲದ ನೀರಿನಲ್ಲಿ ಕಳೆಸಿದರಲ್ಲ, ಈಗ ಡಾಕ್ಟರೇ ಐಸ್‌ಕ್ರೀಮ್ ಕೊಡಿ ಎನ್ನುತ್ತಾರೆ! ಇಂಚರ ಗಂಟಲುನೋವಿಗೆ ಮಾತು ಬಿಟ್ಟು, ಬೆರಳು ತೋರಿಸಿ ಐಸ್‌ಕ್ರೀಮ್ ತರಿಸಿಕೊಂಡು ತಿಂದಳು. ಗಂಗಜ್ಜಿಗೂ ಯಾಕೋ ಗಂಟಲು ಕೆರೆಯಲು ಶುರುವಾಯಿತು. ಅವರಿಗೂ ಒಂದು ಬಟ್ಟಲು. ಅಜ್ಜಿ ಮೊಮ್ಮಗಳು ಎದುರುಬದುರು ಕೂತು, ಮೂಕರ ಹಾಗೆ ಚಮಚ ನೆಕ್ಕುತ್ತಿದ್ದರು.

ಆ ಮೌನದ ದಿನಗಳು ಮುಗಿದ ಮೇಲೆ ನಾನು ಮತ್ತೆ ಹೋದೆ. ಬಸ್ಸಿನಲ್ಲಿ ಹಿರೇನಲ್ಲೂರಿನವರನ್ನು ಹೆದರಿಸಿದ್ದು ಅದೇ ದಿನ. ಊಟವಾಗಿತ್ತು. ಅದೇ ನಡುಮನೆ, ಅದೇ ಚಾಪೆ. ಇಂಚರ ಒಂದು ಪಕ್ಕಕ್ಕೆ ತಿರುಗಿ ಮಲಗಿದ್ದಳು. ಬಾಯಿ ಮುಚ್ಚಿತ್ತು. ಆ ಮುಖವನ್ನು ಬಾಯಿ ಮುಚ್ಚಿದ್ದಾಗ ನಾನು ನೋಡಿರಲೇ ಇಲ್ಲ. ಬೇರೆ ಯಾರದೋ ಮಗುವಿನ ಹಾಗೆ ಕಂಡಿತು. ಶಬ್ದವೇ ಇಲ್ಲ. ಅಟ್ಟದ ಪಾತ್ರೆಗಳೂ ಸುಮ್ಮನಿದ್ದವು.

ಮೂಗಿನಿಂದ ಉಸಿರಾಡುವ ಮಕ್ಕಳು ಹೀಗೆ ಸದ್ದಿಲ್ಲದೆ ಮಲಗುತ್ತವೆ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೂ ನನ್ನ ಕೈ ಎದ್ದಿತು. ಮೂಗಿನ ಹತ್ತಿರ ಹೋದರೆ ಅಲ್ಲಿ ಆಗಲೇ ಇನ್ನೊಂದು ಬೆರಳು ಇತ್ತು. ಗಂಗಜ್ಜಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ಬೆರಳು ತೆಗೆಯಲಿಲ್ಲ.

“ಬತ್ತೈತೆ ಕಣಪ್ಪಾ,” ಎಂದು ಅವರು ಪಿಸುಗುಟ್ಟಿದರು. “ಬೆಚ್ಚಗೆ ಬತ್ತೈತೆ.”

ಬರುತ್ತಿತ್ತು. ಸಣ್ಣಗೆ, ಬೆಚ್ಚಗೆ, ಒಂದಾದ ಮೇಲೊಂದು. ನಮ್ಮಿಬ್ಬರಿಗೂ ಕೈ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸೇ ಆಗಲಿಲ್ಲ. ಆಗ ಇಂಚರ ಕಣ್ಣು ಮುಚ್ಚಿಕೊಂಡೇ, ಮ ಕಾರ ನ ಕಾರಗಳನ್ನೆಲ್ಲ ಸ್ಪಷ್ಟವಾಗಿ ಮೂಗಿನಿಂದ ಹೊರಡಿಸಿ ಹೇಳಿದಳು:

“ಮಂಜು ಮಾವಾ, ನೀನೂ ಅಜ್ಜೀನೂ ಬೆರಳು ತೆಗೀರಿ. ನಿಮ್ಮಿಂದ ನನಗೆ ಉಸಿರಾಡೋಕೇ ಆಗ್ತಿಲ್ಲ.”